ಕುಂಡದಲ್ಲಿ ಪೊದೆ ಮೆಣಸು: ನೆಡುವುದರಿಂದ ಸಾರಿನ ಪಾತ್ರೆವರೆಗೆ

ಕಾಳುಮೆಣಸಿನಲ್ಲಿ ನಮಗೆ ಬೇಕಾದ್ದು ಎರಡು, ಖಾರ ಮತ್ತು ಘಮ. ಖಾರ ಕೊಡುವುದು ಪೈಪರಿನ್ ಅನ್ನುವ ವಸ್ತು. ಅದು ಸುಲಭಕ್ಕೆ ಹೋಗುವುದಿಲ್ಲ. ಘಮ ಕೊಡುವುದು ಕಾಳಿನ ಸಿಪ್ಪೆಯಲ್ಲಿ ಜಾಸ್ತಿ ಇರುವ, ಗಾಳಿಗೆ ಆರಿಹೋಗುವ ಎಣ್ಣೆ. ಕಾಳು ಒಡೆದ ಕ್ಷಣದಿಂದಲೇ ಅದು ಖಾಲಿಯಾಗುತ್ತಾ ಹೋಗುತ್ತದೆ. ಪೊಟ್ಟಣದಲ್ಲಿ ಬರುವ ಹಳೇ ಮೆಣಸಿನ ಪುಡಿಯನ್ನು ಮೂಗಿಗೆ ಹಿಡಿದರೆ ಸೀನು ಬರುತ್ತದೆ, ಪರಿಮಳ ಮಾತ್ರ ಬರುವುದಿಲ್ಲ ಅಲ್ವಾ? ಖಾರ ಉಳಿದಿದೆ, ಎಣ್ಣೆ ಹೋಗಿದೆ, ಅಷ್ಟೇ. ಹಾಗಾಗಿ ಗಿಡ ಆರಿಸುವುದು, ಕೊಯ್ಯುವುದು, ಒಣಗಿಸುವುದು, ಡಬ್ಬಿಗೆ ತುಂಬುವುದು, ಕುಟ್ಟುವುದು, ಒಲೆಗೆ ಹಾಕುವುದು, ಈ ಎಲ್ಲದರಲ್ಲೂ ನಾವು ಕಾಪಾಡಬೇಕಾದ್ದು ಘಮವನ್ನು. ಖಾರ ತಾನಾಗಿಯೇ ಇರುತ್ತದೆ.

ಈ ಬಳ್ಳಿ ಪಶ್ಚಿಮ ಘಟ್ಟದ್ದೇ. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್, ಹಾಲುವಾಣದ ಮೇಲೆ ಹಬ್ಬಿರುತ್ತದೆ. ಶಿರಸಿ, ಸಾಗರದ ಕಡೆ ಅಡಿಕೆ ಮರವೇ ಅದಕ್ಕೆ ಆಧಾರ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇದೇ ಕಾಳಿನ ವ್ಯಾಪಾರದಿಂದ. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಅದಕ್ಕೂ ಮುಂಚೆ ನಮ್ಮ ಅಡುಗೆಯ ಖಾರಕ್ಕೆ ಮುಖ್ಯವಾಗಿ ಇದ್ದದ್ದು ಇದೇ ಮೆಣಸು. ಶ್ರಾದ್ಧದ ಅಡುಗೆಗೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮೆಣಸಿನಕಾಯಿ ಬಳಸುವುದಿಲ್ಲ, ಕಾಳುಮೆಣಸನ್ನೇ ಹಾಕುತ್ತಾರೆ.

ತೋಟ ಇಲ್ಲದವರು ಏನು ಮಾಡಬೇಕು? ಪೊದೆ ಮೆಣಸು ಬೆಳೆಸಬಹುದು. ಬೆಂಗಳೂರಿನ ಬಾಲ್ಕನಿಯಲ್ಲೂ ಬೆಳೆಯುತ್ತದೆ.

ಪೊದೆ ಮೆಣಸು ಅಂದರೆ ಏನು, ಸಸಿ ಹೇಗೆ ಆರಿಸಬೇಕು

ಮೆಣಸಿನ ಬಳ್ಳಿಯಲ್ಲಿ ಮೂರು ಥರದ ಕವಲು ಇರುತ್ತವೆ. ಗಿಣ್ಣಿನಲ್ಲಿ ಬೇರು ಬಿಟ್ಟು ಮರ ಹತ್ತುವುದು ಒಂದು, ಬುಡದಿಂದ ಹೊರಟು ನೆಲದ ಮೇಲೆ ಹರಿಯುವುದು ಇನ್ನೊಂದು. ಮೂರನೆಯದು ಪಕ್ಕಕ್ಕೆ ಚಾಚಿಕೊಳ್ಳುವ ಅಡ್ಡ ಕವಲು, ಕಾಳಿನ ಗೊಂಚಲು ಬಿಡುವುದು ಇದರಲ್ಲೇ. ತೋಟಕ್ಕೆ ಸಸಿ ಮಾಡುವವರು ಹರಿಯುವ ಬಳ್ಳಿಯನ್ನು ಕತ್ತರಿಸಿ ನೆಡುತ್ತಾರೆ. ಅದು ಹತ್ತುತ್ತದೆ, ಫಸಲಿಗೆ ಮೂರು ವರ್ಷ ಕಾಯಿಸುತ್ತದೆ. ಅಡ್ಡ ಕವಲನ್ನು ಕತ್ತರಿಸಿ ನೆಟ್ಟರೆ ಮಾತ್ರ ಅದು ಹತ್ತುವ ಗೋಜಿಗೇ ಹೋಗುವುದಿಲ್ಲ, ಪೊದೆಯಾಗಿಯೇ ಉಳಿಯುತ್ತದೆ, ಬೇಗ ಗೊಂಚಲು ಬಿಡುತ್ತದೆ. ಪೊದೆ ಮೆಣಸು ಅಂದರೆ ಇದೇ. ಬೇರೆ ಜಾತಿಯೇನೂ ಅಲ್ಲ.

ನರ್ಸರಿಯಲ್ಲಿ ಇದು ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಸ್ವಂತ ಬೇರಿನ ಸಸಿ. ಇನ್ನೊಂದು ಹಿಪ್ಪಲಿ ಕಸಿ. ದಕ್ಷಿಣ ಅಮೆರಿಕ ಮೂಲದ ಪೈಪರ್ ಕೊಲುಬ್ರಿನಮ್ ಅನ್ನುವ, ಬ್ರೆಜಿಲ್ ಹಿಪ್ಪಲಿ ಅಂತಲೂ ಕರೆಯುವ ಗಿಡದ ಬುಡಕ್ಕೆ ಮೆಣಸಿನ ಅಡ್ಡ ಕವಲನ್ನು ಕಸಿ ಕಟ್ಟಿರುತ್ತಾರೆ. ಈ ಬುಡಕ್ಕೆ ಸೊರಗು ರೋಗವೂ ಬೇರಿನ ಜಂತುಹುಳುವೂ ಸುಲಭಕ್ಕೆ ತಾಗುವುದಿಲ್ಲ. ಆದರೆ ಅದಕ್ಕೆ ನೀರು ಜಾಸ್ತಿ ಬೇಕು. ಬೇಸಿಗೆಯಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಬಾಡಿ ಕೂತಿರುತ್ತದೆ. ಮಳೆ ಜೋರಾಗಿರುವ ಕಡೆ ಇರುವವರು, ದಿನಾ ನೀರು ಹಾಕಲು ಆಗುವವರು ಹಿಪ್ಪಲಿ ಕಸಿ ತಗೊಳ್ಳಿ. ಉಳಿದವರಿಗೆ ಸ್ವಂತ ಬೇರಿನ ಸಸಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಸಿ ತಂದರೆ ಗಂಟಿನ ಕೆಳಗೆ ಬೇರೆ ಥರದ ಎಲೆ ಇರುವ ಚಿಗುರು ಬರುತ್ತಿರುತ್ತದೆ. ಕಂಡ ಕೂಡಲೇ ಚಿವುಟಿ. ಬಿಟ್ಟರೆ ಅದೇ ಬೆಳೆದು ಮೇಲಿನ ಮೆಣಸನ್ನು ಸೊರಗಿಸುತ್ತದೆ.

ತಳಿಗಳಲ್ಲಿ ಪನ್ನಿಯೂರು-1 ಗೊಂಚಲು ಉದ್ದ, ಕಾಳು ದಪ್ಪ. ಕೇರಳದ ಪನ್ನಿಯೂರಿನ ಮೆಣಸು ಸಂಶೋಧನಾ ಕೇಂದ್ರದ ಹೈಬ್ರಿಡ್ ಇದು. ಇದಕ್ಕೆ ಬೆಳಕು ಬೇಕು, ದಟ್ಟ ನೆರಳಿನಲ್ಲಿ ಕಾಯಿ ಕಚ್ಚುವುದಿಲ್ಲ. ಬಾಲ್ಕನಿಗೆ ಬಿಸಿಲು ಕಮ್ಮಿ ಬರುತ್ತದೆ ಅಂದರೆ ಕರಿಮುಂಡ ಕೇಳಿ, ಕಾಳು ಸಣ್ಣದಾದರೂ ನೆರಳು ತಡೆದುಕೊಳ್ಳುತ್ತದೆ.

ನಿಮ್ಮ ಪರಿಚಯದವರ ತೋಟದಲ್ಲಿ ಬಳ್ಳಿ ಇದ್ದರೆ ಸಸಿ ನೀವೇ ಮಾಡಿಕೊಳ್ಳಬಹುದು. ಚೆನ್ನಾಗಿ ಕಾಯಿ ಬಿಡುವ, ರೋಗ ಇಲ್ಲದ ಬಳ್ಳಿಯಿಂದ ಒಂದು ವರ್ಷ ಬಲಿತ ಅಡ್ಡ ಕವಲನ್ನು ಮೂರರಿಂದ ಐದು ಗಿಣ್ಣು ಬರುವ ಹಾಗೆ ಕತ್ತರಿಸಿ. ತುದಿಯ ಒಂದೆರಡು ಎಲೆ ಉಳಿಸಿ ಬಾಕಿ ತೆಗೆಯಿರಿ. ಕತ್ತರಿಸಿದ ತುದಿಗೆ ಬೇರು ಬರಿಸುವ ಪುಡಿ ಹಚ್ಚಿ, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಸಣ್ಣ ಚೀಲದಲ್ಲಿ ನೆಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡಿ. ಒಳಗೆ ಹಬೆ ಕಟ್ಟಿಕೊಂಡಿರಬೇಕು. ಬೇರು ಬರಲು ಒಂದು ತಿಂಗಳಿಂದ ಒಂದೂವರೆ ತಿಂಗಳು ಬೇಕು. ಅಡ್ಡ ಕವಲು ಹರಿಯುವ ಬಳ್ಳಿಯಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ, ಹಾಗಾಗಿ ಹತ್ತು ಕಡ್ಡಿಯಾದರೂ ನೆಡಿ, ಎಷ್ಟೋ ಹೋಗುತ್ತವೆ ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ. ಮಳೆಗಾಲದ ಗಾಳಿಯ ತೇವ ಈ ಕೆಲಸಕ್ಕೆ ತುಂಬಾ ಅನುಕೂಲ.

ಕುಂಡ, ಮಣ್ಣು, ನೀರು

12ರಿಂದ 14 ಇಂಚಿನ ಕುಂಡ ಸಾಕು. ತಳದಲ್ಲಿ ನೀರು ಬಸಿಯುವ ತೂತು ನಾಲ್ಕಾದರೂ ಇರಬೇಕು. ಮೆಣಸು ಸಾಯುವುದು ನೀರಿಲ್ಲದೆ ಅನ್ನುವುದಕ್ಕಿಂತ ನೀರು ನಿಂತು ಅನ್ನುವುದೇ ಜಾಸ್ತಿ. ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಸಿ ಸಗಣಿ ಬೇಡ.

ಬೆಳಗಿನ ಮೂರು ನಾಲ್ಕು ಗಂಟೆ ಎಳೆ ಬಿಸಿಲು, ಆಮೇಲೆ ನೆರಳು, ಇಂಥ ಜಾಗ ಸಿಕ್ಕರೆ ಗಿಡ ಖುಷಿಯಾಗಿರುತ್ತದೆ. ಪಶ್ಚಿಮದ ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಹಳದಿಯಾಗಿ ಸುಟ್ಟ ಹಾಗಾಗುತ್ತದೆ. ಬೆರಳು ಮಣ್ಣಿಗಿಟ್ಟು ನೋಡಿ, ಮೇಲಿನ ಒಂದಿಂಚು ಒಣಗಿದ್ದರೆ ನೀರು ಹಾಕಿ. ಕುಂಡದ ಮೇಲೆ ಒಣ ಎಲೆ ಹೊದಿಸಿದರೆ ಬೇರು ತಂಪಾಗಿರುತ್ತದೆ, ಎಲೆ ಕಾಂಡಕ್ಕೆ ತಾಗದಂತೆ ಒಂದೆರಡು ಇಂಚು ಬಿಡಿ.

ಗೊಬ್ಬರ ಎರಡು ತಿಂಗಳಿಗೊಮ್ಮೆ ಸುಮಾರು 30 ಗ್ರಾಂ ಬೇವಿನ ಹಿಂಡಿ, ಜೊತೆಗೆ ಒಂದು ಹಿಡಿ ಎರೆಗೊಬ್ಬರ. ಮೆಣಸಿಗೆ ಪೊಟ್ಯಾಷ್ ಜಾಸ್ತಿ ಬೇಕು, ಹಾಗಾಗಿ ಸೌದೆ ಒಲೆಯ ಬೂದಿ ಸಿಕ್ಕರೆ ಆಗಾಗ ಒಂದು ಚಮಚ ಉದುರಿಸಿ.

ಮೊದಲ ಮಳೆ ಬಿದ್ದ ಮೇಲೆ, ಜೂನ್ ಜುಲೈ ಹೊತ್ತಿಗೆ, ಚಿಗುರಿನ ಜೊತೆ ಎಳೆ ಗೊಂಚಲು ಇಳಿಬೀಳುತ್ತದೆ. ಇಲ್ಲೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಮೆಣಸಿನ ಹೂವು ಕಾಯಿಯಾಗಲು ಜೇನುನೊಣವನ್ನು ಕಾಯಬೇಕಿಲ್ಲ. ಮಳೆಹನಿ, ಇಬ್ಬನಿ ಗೊಂಚಲಿನ ಮೇಲಿಂದ ಕೆಳಗೆ ಇಳಿಯುವಾಗ ಪರಾಗವೂ ಜೊತೆಗೆ ಇಳಿದು ಕೆಳಗಿನ ಹೂಗಳಿಗೆ ತಾಗುತ್ತದೆ. ಬಾಲ್ಕನಿಯ ಸೂರಿನ ಕೆಳಗೆ ಕುಂಡ ಇಟ್ಟರೆ ಈ ಮಳೆ ಸಿಗುವುದೇ ಇಲ್ಲ. ಗೊಂಚಲು ಬರುತ್ತದೆ, ಕಾಳು ಮಾತ್ರ ಅಲ್ಲೊಂದು ಇಲ್ಲೊಂದು. ಆ ದಿನಗಳಲ್ಲಿ ಕುಂಡವನ್ನು ಮಳೆಗೆ ಸರಿಸಿ, ಆಗದಿದ್ದರೆ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ಗೊಂಚಲುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ.

ರೋಗಕ್ಕೆ ಮೊದಲೇ ತಯಾರಿ

ಶೀಘ್ರ ಸೊರಗು ರೋಗ ಮೆಣಸಿನ ದೊಡ್ಡ ಶತ್ರು. ಫೈಟೊಫ್ಥೊರಾ ಅನ್ನುವ ರೋಗಾಣು ಇದಕ್ಕೆ ಕಾರಣ. ಜೋರು ಮಳೆಯಲ್ಲಿ ಎಲೆಯ ಮೇಲೆ ನೀರು ಹೀರಿದಂಥ ಕಪ್ಪು ಮಚ್ಚೆ ಬಂದು ಬೇಗ ಹರಡುತ್ತದೆ, ಬುಡ ಕೊಳೆತರೆ ಇಡೀ ಬಳ್ಳಿ ಕೆಲವೇ ದಿನದಲ್ಲಿ ಬೋಳು. ಬಂದ ಮೇಲೆ ಉಳಿಸುವುದು ಕಷ್ಟ. ಮಳೆ ಶುರುವಾಗುವ ಮುಂಚೆ, ಮೇ ಕೊನೆಗೆ, ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ, ಆಗಸ್ಟ್‌ನಲ್ಲಿ ಬಿಡುವು ನೋಡಿ ಇನ್ನೊಮ್ಮೆ.

ಒಂದೆರಡು ಕುಂಡಕ್ಕೆ ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. ಬೇರೆ ಬಕೆಟ್‌ನಲ್ಲಿ 10 ಗ್ರಾಂ ಸುಟ್ಟ ಸುಣ್ಣವನ್ನು ಅರ್ಧ ಲೀಟರ್ ನೀರಿನಲ್ಲಿ ಅರಳಿಸಿ ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಿ. ಪಾತ್ರೆ ಪ್ಲಾಸ್ಟಿಕ್ ಇರಲಿ, ಲೋಹ ಬೇಡ. ಸರಿಯಾಯಿತಾ ನೋಡಲು ಹೊಳೆಯುವ ಕಬ್ಬಿಣದ ಚಾಕು ಅದ್ದಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಅವತ್ತು ಮಾಡಿದ್ದನ್ನು ಅವತ್ತೇ ಮುಗಿಸಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಉಳಿದ ತೊಂದರೆಗಳು ಸಣ್ಣವು. ಹಿಟ್ಟು ತಿಗಣೆ, ಶಲ್ಕ ಕೀಟ ಬಂದರೆ ಬೇವಿನ ಎಣ್ಣೆಗೆ ಸ್ವಲ್ಪ ಸೋಪು ನೀರು ಬೆರೆಸಿ ಹೊಡೆಯಿರಿ. ಕಾಳು ಒತ್ತಿದರೆ ಒಳಗೆ ಟೊಳ್ಳು, ಒಂದು ತೂತು ಇದೆ ಅಂದರೆ ಅದು ಪೊಳ್ಳು ದುಂಬಿಯ ಮರಿಹುಳದ ಕೆಲಸ. ಕುಂಡದಲ್ಲಿ ಅಂಥ ಗೊಂಚಲನ್ನು ಕೈಯಲ್ಲೇ ಕಿತ್ತು ಸುಟ್ಟರೆ ಸಾಕು.

ಕೊಯ್ಲು: ಯಾವಾಗ ಕಿತ್ತರೆ ಏನು ಸಿಗುತ್ತದೆ

ಒಂದೇ ಗಿಡದಿಂದ ಮೂರು ಥರದ ಮೆಣಸು ಮಾಡಬಹುದು, ವ್ಯತ್ಯಾಸ ಕೀಳುವ ಹೊತ್ತಿನದ್ದು.

ಹೂ ಬಿಟ್ಟು ನಾಲ್ಕೈದು ತಿಂಗಳಾದಾಗ ಕಾಳು ಹಸಿರಾಗಿರುತ್ತದೆ, ಒಳಗಿನ ಬೀಜ ಇನ್ನೂ ಗಟ್ಟಿಯಾಗಿರುವುದಿಲ್ಲ, ಉಗುರಿನಲ್ಲಿ ಸೀಳಬಹುದು. ಉಪ್ಪಿನಕಾಯಿಗೆ ಇದೇ ಬೇಕು. ಗೊಂಚಲು ಸಮೇತ ತೊಳೆದು, ನೆರಳಲ್ಲಿ ಒಂದು ಹನಿ ತೇವವೂ ಇಲ್ಲದ ಹಾಗೆ ಆರಿಸಿ, ಬೆರಳುದ್ದಕ್ಕೆ ಮುರಿದು ಗಾಜಿನ ಭರಣಿಗೆ ಹಾಕಿ. ಉಪ್ಪು ಬೆರೆಸಿದ ನಿಂಬೆರಸ ಕಾಳು ಮುಳುಗುವಷ್ಟು ಸುರಿಯಿರಿ. ದಿನಕ್ಕೊಮ್ಮೆ ಕುಲುಕಿ. ಎರಡು ಮೂರು ವಾರಕ್ಕೆ ತಿನ್ನಲು ಬರುತ್ತದೆ. ಮೊಸರನ್ನದ ಜೊತೆ ಇದರ ಒಂದು ಗೊಂಚಲು ಇದ್ದರೆ ಬೇರೆ ಪಲ್ಯ ಕೇಳುವುದಿಲ್ಲ.

ಕರಿಮೆಣಸಿಗೆ ಏಳೆಂಟು ತಿಂಗಳು ಕಾಯಬೇಕು. ಗೊಂಚಲಿನಲ್ಲಿ ಒಂದೆರಡು ಕಾಳು ಹಳದಿ ಕೆಂಪಿಗೆ ತಿರುಗಿದರೆ ಇಡೀ ಗೊಂಚಲು ಕೊಯ್ಲಿಗೆ ಬಂತು ಅಂತ ಅರ್ಥ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿ, ಎತ್ತರದ ಊರುಗಳಲ್ಲಿ ಮಾರ್ಚ್‌ವರೆಗೂ ಹೋಗುತ್ತದೆ. ಇದಕ್ಕಿಂತ ಮುಂಚೆ ಕಿತ್ತರೆ ಒಣಗಿದಾಗ ಚಪ್ಪಟೆಯಾಗಿ ಹಗುರಾಗುತ್ತದೆ. ತಡ ಮಾಡಿದರೆ ಕಾಳು ಉದುರುತ್ತದೆ, ಹಕ್ಕಿ ತಿನ್ನುತ್ತದೆ.

ಮುಕ್ಕಾಲು ಪಾಲು ಕೆಂಪಗೆ ಹಣ್ಣಾದ ಗೊಂಚಲು ಬಿಳಿಮೆಣಸಿಗೆ. ಹಣ್ಣನ್ನು ಬಟ್ಟೆ ಚೀಲದಲ್ಲಿ ಕಟ್ಟಿ ನೀರಿನಲ್ಲಿ ಏಳೆಂಟು ದಿನ ನೆನೆಸಿ, ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಕೊಳೆತ ವಾಸನೆ ಕಾಳಿಗೇ ಹತ್ತುತ್ತದೆ. ಆಮೇಲೆ ಉಜ್ಜಿ ಸಿಪ್ಪೆ ತೆಗೆದು ತೊಳೆದು ಒಣಗಿಸಿ. ಮನೆ ಬಳಕೆಗೆ ಇಷ್ಟು ಕಷ್ಟ ಪಡಬೇಕಾಗಿಲ್ಲ ಅನ್ನುವುದು ನನ್ನ ಮಾತು. ಸಿಪ್ಪೆಯ ಜೊತೆ ಘಮವೂ ಬಹುಪಾಲು ಹೋಗುತ್ತದೆ. ಬಿಳೀ ಸೂಪಿನಲ್ಲಿ ಕಪ್ಪು ಚುಕ್ಕೆ ಕಾಣಬಾರದು ಅನ್ನುವವರಿಗೆ ಮಾತ್ರ ಅದು ಬೇಕು.

ಒಣಗಿಸುವುದು

ಘಮ ಹೋಗುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಮಾಡಿ. ಕಿತ್ತ ಗೊಂಚಲನ್ನು ಒಂದು ರಾತ್ರಿ ಗೋಣಿಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಕಾಳು ಸುಲಭವಾಗಿ ಬಿಡಿಸಲು ಬರುತ್ತದೆ. ಬಿಡಿಸಿದ ಕಾಳನ್ನು ತೊಳೆದು ತೂತಿನ ಪಾತ್ರೆಗೆ ಹಾಕಿ, ಕುದಿಯುವ ನೀರಿನಲ್ಲಿ ಒಂದೇ ಒಂದು ನಿಮಿಷ ಮುಳುಗಿಸಿ ಎತ್ತಿ. ಇದರಿಂದ ಮೇಲಿನ ಕೊಳೆ, ಬೂಸ್ಟಿನ ಅಂಶ ಹೋಗುತ್ತದೆ, ಬೇಗ ಒಣಗುತ್ತದೆ, ಕಾಳೆಲ್ಲ ಒಂದೇ ಸಮ ಕಪ್ಪಾಗುತ್ತವೆ. ಕಪ್ಪಾಗುವುದು ಸಿಪ್ಪೆಯೊಳಗಿನ ಕಿಣ್ವದಿಂದ. ಬಿಸಿನೀರು ಸಿಪ್ಪೆಯ ಕೋಶ ಒಡೆದು ಆ ಕೆಲಸಕ್ಕೆ ಚಾಲನೆ ಕೊಡುತ್ತದೆ. ಜಾಸ್ತಿ ಹೊತ್ತು ಕುದಿಸಿದರೆ ಕಿಣ್ವವೇ ಸಾಯುತ್ತದೆ, ಬಣ್ಣ ಸರಿಯಾಗಿ ಬರುವುದಿಲ್ಲ, ಎಣ್ಣೆಯೂ ಹಬೆಯಾಗಿ ಹೋಗುತ್ತದೆ.

ನೀರು ಬಸಿದು ಸ್ವಚ್ಛ ಬಟ್ಟೆ ಅಥವಾ ಚಾಪೆಯ ಮೇಲೆ ತೆಳ್ಳಗೆ ಹರಡಿ. ಸಗಣಿ ಸಾರಿಸಿದ ಅಂಗಳದಲ್ಲಿ ನೇರವಾಗಿ ಹರಡಬೇಡಿ, ಕುದಿನೀರಿನಲ್ಲಿ ಅದ್ದಿದ್ದೆಲ್ಲ ವ್ಯರ್ಥವಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ, ಸಂಜೆ ಒಳಗೆ ತನ್ನಿ, ಇಬ್ಬನಿ ಬೀಳಬಾರದು. ಒಳ್ಳೆ ಬಿಸಿಲಿದ್ದರೆ ಮೂರು ನಾಲ್ಕು ದಿನ. ಹಲ್ಲಿನಲ್ಲಿ ಕಚ್ಚಿದರೆ ಕಟಕ್ ಅಂತ ಒಡೆಯಬೇಕು, ಅಂಟಿಕೊಂಡರೆ ಇನ್ನೂ ಒಂದು ದಿನ ಬೇಕು. ಮೂರು ಕಿಲೋ ಹಸಿ ಕಾಳು ಒಣಗಿ ಸುಮಾರು ಒಂದು ಕಿಲೋ ಆಗುತ್ತದೆ.

ಪೂರ್ತಿ ಆರಿದ ಮೇಲೆ ಗಾಜಿನ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲೆಯ ಕಪಾಟಿನಲ್ಲಿಡಿ. ಬೆಳಕು ಪೈಪರಿನ್ ಅನ್ನೂ ಕೆಡಿಸುತ್ತದೆ. ಒಲೆಯ ಪಕ್ಕದ ಶೆಲ್ಫಂತೂ ಬೇಡವೇ ಬೇಡ.

ಅಂಗಡಿಯಿಂದ ತರುವವರಿಗೆ

ಯಾವಾಗಲೂ ಇಡೀ ಕಾಳೇ ತನ್ನಿ. ಅಂಗೈಯಲ್ಲಿ ಹಾಕಿ ತೂಗಿ ನೋಡಿ, ಗಟ್ಟಿ, ಭಾರ ಇರಬೇಕು. ಪಪ್ಪಾಯಿ ಬೀಜ ಬೆರೆಸುವುದು ಹಳೇ ಮೋಸ. ಆ ಬೀಜ ಗುಂಡಗಿರುವುದಿಲ್ಲ, ಸ್ವಲ್ಪ ಉದ್ದಕ್ಕಿರುತ್ತದೆ, ಬಣ್ಣ ಹಸಿರು ಕಂದು, ಕಚ್ಚಿದರೆ ಮೆಣಸಿನ ರುಚಿಯೇ ಇಲ್ಲ. ಒಂದು ಲೋಟ ನೀರಿಗೆ ಹಾಕಿದರೆ ಒಳ್ಳೆ ಮೆಣಸು ತಳ ಸೇರುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಬಲಿಯದ ಮೆಣಸೂ ತೇಲುತ್ತದೆ, ಆದ್ದರಿಂದ ತೇಲಿದ್ದನ್ನು ಕಚ್ಚಿ ನೋಡಿಯೇ ತೀರ್ಮಾನ ಮಾಡಿ. ಕಾಳು ಅತಿಯಾಗಿ ಮಿರಮಿರ ಹೊಳೆಯುತ್ತಿದ್ದರೆ ಬಿಳಿ ಕಾಗದದ ಮೇಲೆ ಉಜ್ಜಿ, ಸೀಮೆಎಣ್ಣೆಯಂಥ ವಾಸನೆ ಬಂದರೆ ಖನಿಜ ಎಣ್ಣೆ ಸವರಿದ್ದಾರೆ. ಅದನ್ನು ಅಡುಗೆಮನೆಗೆ ತರಬೇಡಿ.

ಅಡುಗೆಯಲ್ಲಿ: ಯಾವಾಗ ಹಾಕುತ್ತೀರಿ ಅನ್ನುವುದೇ ಮುಖ್ಯ

ಮಿಕ್ಸಿಯಲ್ಲಿ ನುಣ್ಣಗೆ ಮಾಡುವುದಕ್ಕಿಂತ ಕುಟ್ಟಾಣಿಯಲ್ಲಿ ತರಿತರಿ ಕುಟ್ಟುವುದು ಒಳ್ಳೆಯದು. ಬೇಕಾದಷ್ಟೇ, ಬೇಕಾದಾಗಲೇ.

ಮೆಣಸಿನ ಸಾರು ಎಲ್ಲರಿಗೂ ಗೊತ್ತು, ಆದರೆ ಬಹಳ ಮನೆಗಳಲ್ಲಿ ಪುಡಿಯನ್ನು ಮೊದಲೇ ಹಾಕಿ ಕಾಲು ಗಂಟೆ ಕುದಿಸುತ್ತಾರೆ. ಮನೆಯೆಲ್ಲ ಘಮ್ಮೆನ್ನುತ್ತದೆ ನಿಜ, ಅಷ್ಟೂ ಘಮ ಸಾರಿನಿಂದ ಹೊರಗೆ ಬಂದದ್ದು! ನಾಲ್ಕು ಜನಕ್ಕೆ ಹೀಗೆ ಮಾಡಿ ನೋಡಿ. ಸಣ್ಣ ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ನಾಲ್ಕು ಲೋಟ ನೀರು, ಅರಿಶಿನ, ಉಪ್ಪು, ಸಣ್ಣ ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಒಂದೂವರೆ ಚಮಚ ಮೆಣಸು, ಒಂದು ಚಮಚ ಜೀರಿಗೆ, ಐದಾರು ಎಸಳು ಬೆಳ್ಳುಳ್ಳಿ ತರಿಯಾಗಿ ಕುಟ್ಟಿ. ಅರ್ಧವನ್ನು ಸಾರು ಕುದಿಯುವಾಗ ಹಾಕಿ, ಖಾರ ನೀರಿಗೆ ಇಳಿಯಲು. ಉಳಿದರ್ಧವನ್ನು ಒಲೆ ಆರಿಸುವ ಮುಂಚೆ ಹಾಕಿ, ತಕ್ಷಣ ತುಪ್ಪದಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ಮುಚ್ಚಿಬಿಡಿ. ಐದು ನಿಮಿಷ ಮುಚ್ಚಳ ತೆಗೆಯಬೇಡಿ.

ಖಾರಾ ಪೊಂಗಲ್‌ಗೆ ಇಡೀ ಕಾಳು ಹಾಕಿದರೆ ಎಲ್ಲರೂ ತಟ್ಟೆಯ ಅಂಚಿಗೆ ಎತ್ತಿಡುತ್ತಾರೆ. ಕಾಳನ್ನು ಎರಡು ಮೂರು ಹೋಳಾಗುವಷ್ಟು ಒಡೆದು, ಬಿಸಿ ತುಪ್ಪದಲ್ಲಿ ಜೀರಿಗೆಯ ಜೊತೆ ಕೆಲವೇ ಕ್ಷಣ ಹುರಿದು ಕೊನೆಗೆ ಬೆರೆಸಿ. ಘಮದ ಎಣ್ಣೆ ತುಪ್ಪದಲ್ಲಿ ಕರಗುತ್ತದೆ, ಪ್ರತಿ ಅಗುಳಿಗೂ ಹತ್ತುತ್ತದೆ.

ತಂಬುಳಿಗೆ ಅರ್ಧ ಚಮಚ ಮೆಣಸು, ಒಂದು ಚಮಚ ಜೀರಿಗೆ ತುಪ್ಪದಲ್ಲಿ ಹುರಿದು, ಕಾಲು ಕಪ್ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರೆ ಮುಗಿಯಿತು. ಕುದಿಸುವುದಿಲ್ಲವಾದ್ದರಿಂದ ಘಮ ಪೂರ್ತಿ ಉಳಿಯುತ್ತದೆ. ರಾಮನವಮಿಯ ಪಾನಕವೂ ಹಾಗೆಯೇ, ಬೆಲ್ಲದ ನೀರಿಗೆ ಏಲಕ್ಕಿ, ಶುಂಠಿಯ ಜೊತೆ ಆಗಷ್ಟೇ ಕುಟ್ಟಿದ ಮೆಣಸು ಬೀಳಬೇಕು.

ಕೊಡಗಿನ ಪಂದಿ ಕರಿ ಮಾತ್ರ ಬೇರೆ ದಾರಿ. ಅಲ್ಲಿ ಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆಯನ್ನು ಕಪ್ಪಾಗುವ ಹಾಗೆ ಹುರಿದು ಪುಡಿ ಮಾಡಿ, ಕೊನೆಗೆ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ ಹಾಕುತ್ತಾರೆ. ಹಸಿ ಘಮ ಹೋದರೂ ಹುರಿದ ಮೆಣಸಿನ ಗಾಢ ರುಚಿ ಬರುತ್ತದೆ, ಕೊಬ್ಬಿನ ಮಾಂಸಕ್ಕೆ ಅದೇ ಸರಿ.

ಔಷಧಿಯಾಗಿ

ಪೈಪರಿನ್ ಅನ್ನು 1819ರಲ್ಲಿ ಬೇರ್ಪಡಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಮರುವರ್ಷ ಕಂಡವರೂ ಇವರೇ. ಪೈಪರಿನ್‌ನ ಒಂದು ವಿಶೇಷ ಬೆಂಗಳೂರಿನಲ್ಲೇ ತಿಳಿದದ್ದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನುವ ವಸ್ತು 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ದೇಹಕ್ಕೆ ಕರ್ಕ್ಯುಮಿನ್ ಸೇರುವ ಪ್ರಮಾಣ ಶೇ. 2000ದಷ್ಟು ಹೆಚ್ಚಿತು. ಕಾಲು ಚಮಚ ಮೆಣಸಿನ ಪುಡಿಯಲ್ಲಿ ಸುಮಾರು ಅಷ್ಟು ಪೈಪರಿನ್ ಸಿಗುತ್ತದೆ. ಆದರೆ ಒಂದು ಲೋಟ ಅರಿಶಿನದ ಹಾಲಿನಲ್ಲಿ ಕರ್ಕ್ಯುಮಿನ್ 2 ಗ್ರಾಂನ ಹತ್ತಿರಕ್ಕೂ ಬರುವುದಿಲ್ಲ. ಹಾಲಿಗೆ ಮೆಣಸು ಹಾಕಿ, ಒಳ್ಳೆಯದೇ, ಪವಾಡ ಮಾತ್ರ ನಿರೀಕ್ಷಿಸಬೇಡಿ.

ಮನೆಯಲ್ಲಿ ಇಟ್ಟುಕೊಳ್ಳಲು ಕಷಾಯದ ಪುಡಿ: ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಮೆಣಸು ಎರಡು ದೊಡ್ಡ ಚಮಚ, ಒಣಶುಂಠಿ ಬೆರಳುದ್ದ, ಏಲಕ್ಕಿ ನಾಲ್ಕೈದು. ಬೆಚ್ಚಗಾಗುವಷ್ಟು ಹುರಿದು ಪುಡಿ ಮಾಡಿ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಬೆಲ್ಲದ ಜೊತೆ ಎರಡು ನಿಮಿಷ ಕುದಿಸಿ, ಹಾಲು ಬೆರೆಸಿ ಕುಡಿಯಿರಿ. ಇಲ್ಲಿ ಪುಡಿ ಮಾಡಿಡುವುದು ಅನಿವಾರ್ಯ, ಅದಕ್ಕೇ ಎರಡು ವಾರಕ್ಕೆ ಸಾಕಾಗುವಷ್ಟು ಮಾತ್ರ ಮಾಡಿ. ಆಯುರ್ವೇದದ ತ್ರಿಕಟು ಅಂದರೆ ಒಣಶುಂಠಿ, ಮೆಣಸು, ಹಿಪ್ಪಲಿ ಸಮಪಾಲು. ಅದು ಬಹಳ ಖಾರ, ವೈದ್ಯರು ಹೇಳಿದ ಅಳತೆಯಲ್ಲೇ ತಗೊಳ್ಳಿ. ಕಟ್ಟಿದ ಮೂಗು ಬಿಡಿಸಲು, ಗಂಟಲ ಕೆರೆತಕ್ಕೆ ಒಂದು ಚಿಟಿಕೆ ಮೆಣಸಿನ ಪುಡಿ ಜೇನುತುಪ್ಪದಲ್ಲಿ ಕಲಸಿ ನೆಕ್ಕಿದರೆ ಸಮಾಧಾನ ಸಿಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು.

ಇನ್ನು ಎಚ್ಚರಿಕೆ. ಪೈಪರಿನ್ ಅರಿಶಿನವನ್ನು ಮಾತ್ರ ಅಲ್ಲ, ಕೆಲವು ಮಾತ್ರೆಗಳನ್ನೂ ರಕ್ತದಲ್ಲಿ ಜಾಸ್ತಿ ಮಾಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಇಂಥವು. ಸಾರು ಪೊಂಗಲ್‌ನ ಮೆಣಸಿಗೆ ಹೆದರಬೇಕಿಲ್ಲ, ಆದರೆ ಇವನ್ನು ನುಂಗುವವರು ಪೈಪರಿನ್ ಕ್ಯಾಪ್ಸೂಲನ್ನಾಗಲಿ ದಿನಕ್ಕೆ ಮೂರು ಸಲ ಕಷಾಯವನ್ನಾಗಲಿ ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಹೊಟ್ಟೆಹುಣ್ಣು, ಎದೆಯುರಿ ಇರುವವರು ಬರೀ ಹೊಟ್ಟೆಯಲ್ಲಿ ಮೆಣಸಿನ ಕಷಾಯ ಕುಡಿಯಬೇಡಿ. ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ ಕಷಾಯ ಬದಿಗಿಟ್ಟು ಆಸ್ಪತ್ರೆಗೆ ಹೋಗಿ ಕಫದ ಪರೀಕ್ಷೆ ಮಾಡಿಸಿ. ಕ್ಷಯ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.